ಧ್ವನಿಸುರುಳಿಯಲ್ಲಿ ಉಳಿದ ಶಿಕ್ಷಣೋಪನ್ಯಾಸ: ರಕ್ಷಣೆ ಮತ್ತು ಪ್ರಸಾರ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಧ್ವನಿಮುದ್ರಣ ಯಂತ್ರ ಬಂದ ಮೇಲೆ ಈ ಗಾದೆಯ ಮೊದಲ ಅರ್ಧ ಸುಳ್ಳಾಯಿತೆಂದು ನಾವು ಭಾವಿಸಿದೆವು. ಆದರೆ ಮಾತನ್ನು ಹಿಡಿದಿಟ್ಟ ಸುರುಳಿಯೂ ಕ್ಷಯಿಸುವ ವಸ್ತುವೇ. ಬೀರುವಿನಲ್ಲಿ ಬೀಗ ಹಾಕಿಟ್ಟ ಮಾತ್ರಕ್ಕೆ ಉಪನ್ಯಾಸ ಉಳಿಯದು. ಪ್ರತಿ ಮಾಡಿ, ವಿವರ ಬರೆದು, ಕೇಳುವವರಿಗೆ ಮುಟ್ಟಿಸಿದಾಗಲೇ ಅದು ಉಳಿಯುತ್ತದೆ.

ಪುಸ್ತಕವಿರುವಾಗ ಧ್ವನಿಯ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಮಾರಿಯಾ ಮಾಂಟೆಸ್ಸೊರಿಯವರು 1939ರಲ್ಲಿ ಭಾರತಕ್ಕೆ ಬಂದರು. ಅಹಮದಾಬಾದಿನಲ್ಲಿ ಅವರು ನೀಡಿದ ಉಪನ್ಯಾಸಗಳು 1949ರಲ್ಲಿ ‘ದಿ ಅಬ್ಸಾರ್ಬೆಂಟ್ ಮೈಂಡ್’ ಎಂಬ ಗ್ರಂಥವಾದವು. ಆ ಗ್ರಂಥದಿಂದ ವಿಚಾರ ನಮಗೆ ದಕ್ಕುತ್ತದೆ. ಆದರೆ ಆ ತಾಯಿ ಯಾವ ಮಾತಿಗೆ ತಡೆದರು, ಯಾವುದನ್ನು ಒತ್ತಿ ಹೇಳಿದರು ಎಂಬುದು ಪುಟದಲ್ಲಿ ಕಾಣದು.

ಜಿಡ್ಡು ಕೃಷ್ಣಮೂರ್ತಿಯವರ (1895–1986) ವಿಷಯದಲ್ಲಿ ಹೀಗಾಗಲಿಲ್ಲ. ಮದನಪಲ್ಲೆಯ ಬಳಿಯ ಋಷಿವ್ಯಾಲಿ ಹಾಗೂ ವಾರಾಣಸಿಯ ರಾಜಘಾಟ್ ಶಾಲೆಗಳಲ್ಲಿ ಅವರು ಮಕ್ಕಳೊಡನೆಯೂ ಉಪಾಧ್ಯಾಯರೊಡನೆಯೂ ನಡೆಸಿದ ಸಂಭಾಷಣೆಗಳು 1974ರಲ್ಲಿ ‘ಆನ್ ಎಜುಕೇಷನ್’ ಎಂಬ ಪುಸ್ತಕವಾದುವಲ್ಲದೆ, ಅವರ ಅನೇಕ ಭಾಷಣ, ಸಂವಾದಗಳ ಧ್ವನಿಮುದ್ರಣಗಳೂ ಉಳಿದಿವೆ. ಅವರ ಹೆಸರಿನ ಪ್ರತಿಷ್ಠಾನಗಳು ಇವುಗಳಲ್ಲಿ ಬಹುಭಾಗವನ್ನು ಇಂದು ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತಿವೆ. ಒಬ್ಬ ಮಗುವನ್ನು ಇನ್ನೊಬ್ಬನೊಡನೆ ಹೋಲಿಸಿದರೆ ಭಯ ಹುಟ್ಟುತ್ತದೆ ಎಂಬುದು ಅವರು ಮತ್ತೆ ಮತ್ತೆ ಎತ್ತಿದ ವಿಚಾರ. ಓದಿದಾಗ ಅದು ಒಂದು ಸಿದ್ಧಾಂತ. ಕೇಳಿದಾಗಲಾದರೋ, ಪ್ರಶ್ನೆಯ ನಂತರದ ಮೌನವೂ, ಉತ್ತರಕ್ಕೆ ಅವಸರಪಡದ ತಾಳ್ಮೆಯೂ ಅನುಭವಕ್ಕೆ ಬರುತ್ತವೆ. ಉಪಾಧ್ಯಾಯನು ಕಲಿಯಬೇಕಾದುದು ಆ ತಾಳ್ಮೆಯನ್ನೇ.

ಇನ್ನು ರಕ್ಷಣೆಯ ಕ್ರಮ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಅಂಟಿನಿಂದ ಲೇಪಿಸಿ ಸುರುಳಿಯನ್ನು ತಯಾರಿಸುತ್ತಾರೆ. ತೇವವನ್ನು ಹೀರಿದ ಅಂಟು ಜಿಗುಟಾಗಿ, ಓಡಿಸಿದಾಗ ಲೇಪನವೇ ಕಿತ್ತುಬರುವುದುಂಟು. ಅಸಿಟೇಟ್ ಪಟ್ಟಿ ಕೆಡತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. ಆದುದರಿಂದ ಹಳೆಯ ಸುರುಳಿ ಸಿಕ್ಕೊಡನೆ ಕುತೂಹಲಕ್ಕಾಗಿ ಓಡಿಸಿ ನೋಡಬಾರದು; ಮೊದಲು ಪರೀಕ್ಷಿಸಬೇಕು. ಸುರುಳಿಗಿಂತ ಮೊದಲೇ ಯಂತ್ರವು ಕಣ್ಮರೆಯಾಗುತ್ತಿದೆಯೆಂಬುದು ಮತ್ತೊಂದು ಸಂಕಟ. 1963ರಲ್ಲಿ ಬಂದ ಕ್ಯಾಸೆಟ್ಟನ್ನು ನುಡಿಸುವ ಯಂತ್ರವನ್ನು ದುರಸ್ತಿ ಮಾಡುವವರು ಈಗ ವಿರಳ.

ಗಣಕಯಂತ್ರಕ್ಕೆ ಪ್ರತಿ ಮಾಡುವಾಗ 96 ಕಿಲೋಹರ್ಟ್ಸ್, 24 ಬಿಟ್ ಪ್ರಮಾಣದ, ಕುಗ್ಗಿಸದ ಕಡತವು ಉತ್ತಮ. ಒಂದು ಗಂಟೆಯ ಏಕವಾಹಿನಿ ಭಾಷಣಕ್ಕೆ ಸುಮಾರು 1 ಗಿಗಾಬೈಟ್ ಸ್ಥಳ ಸಾಕು. ಮೂಲಪ್ರತಿಯಲ್ಲಿ ಕೆಮ್ಮನ್ನಾಗಲಿ ಮೌನವನ್ನಾಗಲಿ ಕತ್ತರಿಸಬಾರದು. ತಿದ್ದುವುದೇನಿದ್ದರೂ ಪ್ರಸಾರದ ಪ್ರತಿಯಲ್ಲಿ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ. ಹಳೆಯ ತಾಳೆಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ನಕಲು ಮಾಡುತ್ತಿದ್ದ ಲಿಪಿಕಾರರ ವಿವೇಕವೇ ಇದು. ಭಾಷಣಕಾರರಾರು, ಎಲ್ಲಿ, ಯಾವಾಗ, ಯಾರ ಮುಂದೆ ಎಂಬ ವಿವರವನ್ನು ಬಲ್ಲವರು ಬದುಕಿರುವಾಗಲೇ ಬರೆದಿಡಬೇಕು. ಹೆಸರಿಲ್ಲದ ಧ್ವನಿಯು ಉಳಿದರೂ ಅನಾಥವೇ.

ಪ್ರಸಾರಕ್ಕೆ ಅನುಮತಿಯೂ ಅವಶ್ಯಕ. ಸಾರ್ವಜನಿಕ ಭಾಷಣದ ಹಕ್ಕು ಮೊದಲಿಗೆ ಭಾಷಣಕಾರರದು. ಸುರುಳಿ ನಮ್ಮ ಕೈಯಲ್ಲಿದೆಯೆಂದು ಹಕ್ಕು ನಮ್ಮದಾಗದು. ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದರೆ ಮುಂದಿನವರಿಗೆ ತೊಡಕಿರದು.

ನಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳ ಅಟ್ಟದ ಮೇಲೆ ಇಂಥ ಸುರುಳಿಗಳು ಇದ್ದಿರಬಹುದು. ದಾನಿಗಳು ಕಟ್ಟಡಕ್ಕೆ ನೀಡುವ ನೆರವಿನಲ್ಲಿ ಅಲ್ಪಾಂಶವು ಈ ಕಾರ್ಯಕ್ಕೂ ಸಲ್ಲಲಿ. ಉಪಾಧ್ಯಾಯರು ತಿಂಗಳಿಗೊಮ್ಮೆ ಕೂಡಿ ಒಂದು ಹಳೆಯ ಉಪನ್ಯಾಸವನ್ನು ಕೇಳಿ ಚರ್ಚಿಸಲಿ. ಕೇಳುವವರಿಲ್ಲದ ಮಾತಿಗೆ ಯಾವ ಪೆಟ್ಟಿಗೆಯೂ ಆಶ್ರಯವಾಗದೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.