ಠರಾವಿನಲ್ಲಿ ‘ಅವಳು’ ಅಂದರೆ ಯಾರು?
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಹಂಸಭಾವಿ ಸುತ್ತಲಿನ ಹಳ್ಳಿಗಳಲ್ಲಿ ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಠರಾವು ಬರೆಯುತ್ತಾರೆ, ಉಳಿದವರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕುತ್ತಾರೆ. ಪುಸ್ತಕದಲ್ಲಿ ಹೀಗೆ ಬರೆದಿದೆ ಎಂದುಕೊಳ್ಳೋಣ:

“ಅವಳಿಗೆ ಸಾಲ ಕೊಡಲು ಒಪ್ಪಲಾಯಿತು. ಹಿಂದಿನ ಕಂತು ಕಟ್ಟಿಲ್ಲ. ಮುಂದಿನ ವಾರ ಕಟ್ಟಬೇಕು.”

ಆ ದಿನ ಕುಳಿತವರಿಗೆಲ್ಲ ‘ಅವಳು’ ಯಾರೆಂದು ಗೊತ್ತು. ಆರು ತಿಂಗಳು ಕಳೆದ ಮೇಲೆ ಲೆಕ್ಕ ನೋಡಲು ಬಂದವರು ಕೇಳಿದರೆ? ಸಾಲ ಯಾರಿಗೆ, ಕಂತು ಯಾರದು, ಕಟ್ಟಬೇಕಾದವರು ಯಾರು? ಜಗಳ ಹುಟ್ಟೋದು ಇಲ್ಲೇ. ಆದ್ದರಿಂದ ಈ ಸಲ ‘ನಾನು, ನೀವು, ಅವರು’ ಎಂಬ ಸಣ್ಣ ಮಾತುಗಳ ಬಗ್ಗೆ ತಿಳಿಯೋಣ.

೧. ಹೆಸರಿನ ಬದಲು ಬರುವ ಮಾತು

ಹೆಸರಿನ ಬದಲು ಬಳಸುವ ಮಾತಿಗೆ ಸರ್ವನಾಮ ಎನ್ನುತ್ತಾರೆ. ಮಾತಾಡುವವರು: ನಾನು, ನಾವು. ಕೇಳುವವರು: ನೀನು, ನೀವು. ಯಾರ ಬಗ್ಗೆ ಮಾತೋ ಅವರು: ಅವನು, ಅವಳು, ಅವರು, ಅದು, ಅವು. ಶಾಲೆಯಲ್ಲಿ ಇವನ್ನೇ ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಎಂದು ಕಲಿಸುತ್ತಾರೆ. ಹೆಸರಿಗೆ ‘ಪುರುಷ’ ಇದ್ದರೂ ಇದು ಹೆಂಗಸರಿಗೂ ಸೇರಿದ ಪಾಠವೇ!

೨. ಕ್ರಿಯಾಪದದ ಕೊನೆ ನೋಡಿ

“ರೊಕ್ಕ ಕಟ್ಟೀನ್ರಿ” ಅಂದರೆ ಸಾಕು, ‘ನಾನು’ ಅನ್ನಬೇಕಿಲ್ಲ. ಕಟ್ಟಿದೆನು – ನಾನು. ಕಟ್ಟಿದೆವು – ನಾವು. ಕಟ್ಟಿದಿರಿ – ನೀವು. ಕಟ್ಟಿದಳು – ಅವಳು. ಯಾರು ಎಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. ಮಕ್ಕಳು ಕಲಿಯುವ ಇಂಗ್ಲಿಷ್‌ನಲ್ಲಿ ಹೀಗೆ ಬಿಡಲು ಬರುವುದಿಲ್ಲ. ಆದರೆ ದೂರದ ಸ್ಪೇನ್, ಮೆಕ್ಸಿಕೊ, ಪೆರು ದೇಶಗಳಲ್ಲಿ ಆಡುವ ಸ್ಪ್ಯಾನಿಷ್ ಭಾಷೆ ನಮ್ಮ ಹಾಗೆಯೇ. ‘ಪಾಗೊ’ ಅಂದರೆ ‘ಕಟ್ಟುತ್ತೇನೆ’, ‘ಪಗಾಮೊಸ್’ ಅಂದರೆ ‘ಕಟ್ಟುತ್ತೇವೆ’. ಅವರೂ ನಾನು, ನಾವು ಎಂಬುದನ್ನು ಬಿಟ್ಟೇ ಮಾತಾಡುತ್ತಾರೆ.

೩. ಎಲ್ಲಿ ಎಚ್ಚರ ಬೇಕು?

ಕನ್ನಡದಲ್ಲಿ ‘ಇಲ್ಲ’, ‘ಬೇಕು’, ‘ಬಹುದು’ ಬಂದ ಕೂಡಲೇ ಆ ಗುರುತು ಅಳಿದು ಹೋಗುತ್ತದೆ. ನಾನು ಕಟ್ಟಿಲ್ಲ, ನೀವು ಕಟ್ಟಿಲ್ಲ, ಅವರು ಕಟ್ಟಿಲ್ಲ – ಎಲ್ಲಕ್ಕೂ ಒಂದೇ ‘ಕಟ್ಟಿಲ್ಲ’. ಸ್ಪ್ಯಾನಿಷ್‌ನಲ್ಲಿ ಹಾಗಲ್ಲ. ‘ನೊ ಪಾಗೊ’, ‘ನೊ ಪಗಾಮೊಸ್’ ಎಂದು ‘ಇಲ್ಲ’ ಮುಂದೆ ಬರುತ್ತದೆ, ಕೊನೆಯ ಗುರುತು ಹಾಗೇ ಉಳಿಯುತ್ತದೆ.

ನಮ್ಮ ಸಾಲದ ಪುಸ್ತಕದಲ್ಲಿ ಹೆಚ್ಚಾಗಿ ಬರುವುದು ಇವೇ ಮಾತುಗಳು: ಕಟ್ಟಿಲ್ಲ, ಕಟ್ಟಬೇಕು, ಕೊಡಬಹುದು. ‘ಒಪ್ಪಲಾಯಿತು’ ಎಂಬುದರಲ್ಲೂ ಒಪ್ಪಿದವರು ಕಾಣುವುದಿಲ್ಲ. ಅಲ್ಲೆಲ್ಲ ಹೆಸರನ್ನೇ ಬರೆಯಿರಿ.

‘ಅವರು’ ಎಂಬುದರಲ್ಲೂ ಒಂದು ತೊಡಕಿದೆ. ಮರ್ಯಾದೆಗೆ ಒಬ್ಬರನ್ನೂ ‘ಅವರು’ ಅನ್ನುತ್ತೇವೆ, ಹತ್ತು ಮಂದಿಯನ್ನೂ ‘ಅವರು’ ಅನ್ನುತ್ತೇವೆ. “ಅವರು ಹಣ ತಂದರು” ಅಂದರೆ ಪ್ರತಿನಿಧಿ ಒಬ್ಬರೋ, ಇಬ್ಬರೂ ಕೂಡಿಯೋ? ಮೊದಲು ಹೆಸರು, ಆಮೇಲೆ ‘ಅವರು’ ಬರಲಿ.

೪. ನೀ ಅನ್ನೋದೋ, ನೀವು ಅನ್ನೋದೋ?

ನಮ್ಮ ಕಡೆ ಅವ್ವನಿಗೆ ‘ನೀ’ ಅಂತೀವಿ. “ಅವ್ವಾ, ನೀ ಉಂಡಿ?” ಇದು ಪ್ರೀತಿ. ಹೊಲದ ಮಾಲೀಕರ ಮನೆಯ ಹುಡುಗ ಕೂಲಿಗೆ ಬಂದ ಅರವತ್ತರ ತಾಯಿಗೆ “ಏ, ನೀ ಬಾ ಇಲ್ಲಿ” ಅಂದರೆ ಅದು ಪ್ರೀತಿಯಲ್ಲ. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ಆ ತಾಯಿ ತಿರುಗಿ ಅವನಿಗೆ ‘ನೀ’ ಅನ್ನಬಲ್ಲಳೇ?

ಸ್ಪ್ಯಾನಿಷ್‌ನಲ್ಲೂ ಸಲಿಗೆಗೆ ‘ತು’, ಮರ್ಯಾದೆಗೆ ‘ಉಸ್ತೆದ್’ ಎಂದು ಎರಡಿವೆ. ‘ನಿಮ್ಮ ಕೃಪೆ’ ಎಂಬ ಅರ್ಥದ ಹಳೆಯ ಮಾತೇ ಸವೆದು ‘ಉಸ್ತೆದ್’ ಆಯಿತು. ಯಾರಿಗೆ ಯಾವುದು ಎಂಬ ಲೆಕ್ಕ ಎಲ್ಲ ಕಡೆಯೂ ಇದೆ.

ಮನೆಯಲ್ಲಿ, ಓಣಿಯಲ್ಲಿ ಹೇಗಾದರೂ ಇರಲಿ, ಸಂಘದ ಚಾಪೆಯ ಮೇಲೆ ಕುಳಿತಾಗ ಒಂದೇ ಅಳತೆ ಇರಬೇಕು. ಹೊಲ ಇದ್ದವರಿಗೆ ‘ನೀವ್ರಿ’, ಕೂಲಿಯವರಿಗೆ ‘ನೀ’ ಆಗಬಾರದು. ಪುಸ್ತಕದಲ್ಲಿ ಒಬ್ಬರಿಗೆ ‘ಅವರು’, ಇನ್ನೊಬ್ಬರಿಗೆ ‘ಅವಳು’ ಎಂದೂ ಬರೆಯಬಾರದು.

೫. ‘ನಾವು’ ಅಂದರೆ ಎಷ್ಟು ಮಂದಿ?

ತೆಲುಗಿನಲ್ಲಿ ‘ಮನಮು’ ಅಂದರೆ ಕೇಳುವವರೂ ಸೇರಿ ನಾವು. ‘ಮೇಮು’ ಅಂದರೆ ನಿಮ್ಮನ್ನು ಬಿಟ್ಟು ನಾವು. ಮರಾಠಿಯಲ್ಲೂ ‘ಆಪಣ್’, ‘ಆಮ್ಹಿ’ ಎಂದು ಎರಡಿವೆ. ಸ್ಪ್ಯಾನಿಷ್‌ನಲ್ಲಿ ಹೆಂಗಸರಷ್ಟೇ ಇರುವ ‘ನಾವು’ಗೆ ‘ನೊಸೊತ್ರಾಸ್’ ಎಂಬ ಬೇರೆ ಮಾತೇ ಇದೆ. ನಮ್ಮ ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ‘ನಾವು’.

1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆಯಲ್ಲಿ ಬ್ಯಾಂಕು ಸಾಲ ಕೊಡುವುದು ಸಂಘಕ್ಕೆ, ಒಬ್ಬೊಬ್ಬ ಸದಸ್ಯೆಗಲ್ಲ. ಆ ಕಾಗದದಲ್ಲಿ “ನಾವು ತೀರಿಸುತ್ತೇವೆ” ಅಂದರೆ ಸಂಘದ ಎಲ್ಲರೂ. ಸಹಿ ಮಾಡುವ ಇಬ್ಬರು ಪ್ರತಿನಿಧಿಗಳಷ್ಟೇ ಅಲ್ಲ, ಮೂಲೆಯಲ್ಲಿ ಸುಮ್ಮನೆ ಕುಳಿತವರೂ ಆ ‘ನಾವು’ ಒಳಗೆ ಇದ್ದಾರೆ. ಆದ್ದರಿಂದ ಹೆಬ್ಬೆಟ್ಟು ಹಾಕುವ ಮೊದಲು “ಓದಿ ಹೇಳ್ರಿ” ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು. ಸಾಲ ತೀರಿಸುವಾಗ ‘ನಾವು’, ಲಾಭ ಬಂದಾಗ ‘ನಾನು’ ಅನ್ನುವುದು ಸಂಘದ ಮಾತಲ್ಲ.

ಈಗ ಮೊದಲಿನ ಠರಾವನ್ನು ತಿದ್ದೋಣ:

“ಸದಸ್ಯೆ ಗಂಗವ್ವ ಅವರಿಗೆ 5,000 ರೂಪಾಯಿ ಸಾಲ ಕೊಡಲು ಹಾಜರಿದ್ದ 14 ಸದಸ್ಯೆಯರು ಒಪ್ಪಿದೆವು. ಗಂಗವ್ವ ಅವರು ಹಿಂದಿನ ಸಾಲದ ಒಂದು ಕಂತು ಕಟ್ಟಿಲ್ಲ. ಅದನ್ನು ಗಂಗವ್ವ ಅವರೇ ಮುಂದಿನ ವಾರ ಕಟ್ಟಬೇಕು.”

ನಾಲ್ಕು ಮಾತು ಹೆಚ್ಚಾಯಿತು, ಅನುಮಾನ ಉಳಿಯಲಿಲ್ಲ.

ಚರ್ಚೆಗೆ:
1. ನಿಮ್ಮ ಪುಸ್ತಕದ ಕಳೆದ ಮೂರು ಠರಾವು ಓದಿಸಿ ಕೇಳಿ. ‘ಅವಳು’, ‘ಅವರು’ ಯಾರೆಂದು ಗೊತ್ತಾಗುತ್ತದೆಯೇ?
2. ಹೆಸರಿಲ್ಲದೆ ‘ಕಟ್ಟಿಲ್ಲ’, ‘ಕಟ್ಟಬೇಕು’ ಎಂದು ಎಷ್ಟು ಕಡೆ ಇದೆ?
3. ನಮ್ಮ ಸಂಘದಲ್ಲಿ ಯಾರಿಗೆ ‘ನೀ’ ಅಂತೀವಿ, ಯಾರಿಗೆ ‘ನೀವು’ ಅಂತೀವಿ? ಯಾಕೆ?