ಚಂದ್ರನ ಮೇಲೊಂದು ಬಾಂದು ಕಲ್ಲು

ಸಾಗರ

ಪುಟ್ಟಿ,

ಇಲ್ಲಿ ಹಿಡಿದ ಮಳೆ ಬಿಟ್ಟಿಲ್ಲ. ಅಂಗಳವೆಲ್ಲ ಪಾಚಿ ಕಟ್ಟಿ ಕಾಲಿಡುವ ಹಾಗಿಲ್ಲ. ನೀನಿರುವ ಟ್ಯೂಸಾನ್‌ನಲ್ಲೂ ಈ ತಿಂಗಳುಗಳಲ್ಲಿ ಬೀಳುವ ನಾಲ್ಕು ಮಳೆಗೆ ಮಾನ್ಸೂನ್ ಅಂತಲೇ ಹೆಸರಂತೆ. ಮರುಭೂಮಿಯ ಊರಿಗೂ ನಮಗೂ ಅಷ್ಟಾದರೂ ನಂಟಿದೆಯಲ್ಲ ಎಂದು ನಿನ್ನ ದೊಡ್ಡಮ್ಮನಿಗೆ ಸಮಾಧಾನ.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಲ್ಲೇ ಕೂತಿದೆ. "ದೊಡ್ಡಪ್ಪ, ಇಲ್ಲಿ ಎಲ್ಲರೂ ಎಲ್ಲವನ್ನೂ ಮಾಡಿ ಮುಗಿಸಿಬಿಟ್ಟಿದ್ದಾರೆ. ನನ್ನ ಪಾಲಿಗೆ ಬಂದದ್ದು ಹಳೇ ಚಿತ್ರಗಳ ರಾಶಿ" ಅಂದೆ. ನಿನ್ನ ದನಿ ಕುಗ್ಗಿತ್ತು. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಸರ್ವೆ ಇಲಾಖೆಯಲ್ಲಿ ಆಯುಷ್ಯವಿಡೀ ಚೈನು ಹಿಡಿದವನು ನಾನು. ಆದರೆ ನಿನಗೆ ಅಲ್ಲಿ ಪಿಎಚ್‌.ಡಿ. ಸೀಟು ಸಿಕ್ಕಿದ ದಿನದಿಂದ ಅರಿಜೋನಾ ವಿಶ್ವವಿದ್ಯಾಲಯದ ಆ ಲೂನಾರ್ ಅಂಡ್ ಪ್ಲಾನೆಟರಿ ಲ್ಯಾಬೊರೇಟರಿಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದ ಮೇಲೆ ಅನ್ನಿಸಿದ್ದನ್ನು ಬರೆಯುತ್ತೇನೆ, ಸಾವಧಾನವಾಗಿ ಓದು.

ಮಗಳೇ, ನಿನ್ನ ಸಂಸ್ಥೆ ಮೊದಲು ಹೆಸರು ಮಾಡಿದ್ದೇ ಹಳೇ ಚಿತ್ರಗಳ ರಾಶಿಯಿಂದ. 1960ರಲ್ಲಿ ಜೆರಾರ್ಡ್ ಕೈಪರ್ ಷಿಕಾಗೊ ವಿಶ್ವವಿದ್ಯಾಲಯ ಬಿಟ್ಟು ಟ್ಯೂಸಾನ್‌ಗೆ ಬಂದು ಅದನ್ನು ಕಟ್ಟಿದರು. ಆ ಕಾಲದ ಖಗೋಳಶಾಸ್ತ್ರಜ್ಞರಿಗೆ ನಕ್ಷತ್ರ, ಗ್ಯಾಲಕ್ಸಿಗಳೇ ದೊಡ್ಡ ವಿಷಯ. ಚಂದ್ರ, ಗ್ರಹ ಅಂದರೆ ಹಿಂದಿನ ಬೆಂಚು. ಟೈಟಾನ್‌ಗೆ ವಾತಾವರಣ ಇದೆಯೆಂದು 1944ರಲ್ಲೇ ತೋರಿಸಿಕೊಟ್ಟಿದ್ದ ಕೈಪರ್ ಮಾತ್ರ ಹಿಂದಿನ ಬೆಂಚನ್ನೇ ಆರಿಸಿಕೊಂಡರು. ಅವರ ಜೊತೆಗಿದ್ದದ್ದು ಒಂದು ಸಣ್ಣ ತಂಡ, ಮತ್ತೆ ಭೂಮಿಯ ಟೆಲಿಸ್ಕೋಪುಗಳಲ್ಲಿ ತೆಗೆದ ಚಂದ್ರನ ಫೋಟೊಗಳು.

ನಮಗೆ ಕಾಣುವ ಚಂದ್ರನ ಅಂಚಿನಲ್ಲಿ ಎಲ್ಲವೂ ಓರೆ. ದುಂಡನೆಯ ಕುಳಿಯೂ ಓರೆ ಹಿಡಿದ ತಟ್ಟೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಕೈಪರ್ ತಂಡ ಏನು ಮಾಡಿತು ಗೊತ್ತೇ? ಮೂರು ಅಡಿ ವ್ಯಾಸದ ಬಿಳಿ ಗೋಳವೊಂದನ್ನು ನಿಲ್ಲಿಸಿ, ಅದರ ಮೇಲೆ ಪ್ರೊಜೆಕ್ಟರಿನಿಂದ ಚಂದ್ರನ ಫೋಟೊ ಬಿಟ್ಟರು. ಆಮೇಲೆ ಗೋಳದ ಪಕ್ಕಕ್ಕೆ ಹೋಗಿ ನಿಂತು, ಅಂಚನ್ನು ನೆಟ್ಟಗೆ ಎದುರಿನಿಂದ ನೋಡಿ, ಮತ್ತೆ ಫೋಟೊ ತೆಗೆದರು. ಬಿಲ್ ಹಾರ್ಟ್‌ಮನ್ ಆಗ ನಿನ್ನ ಹಾಗೆಯೇ ಅಲ್ಲಿನ ವಿದ್ಯಾರ್ಥಿ. ಗೋಳದ ಬದಿಯಲ್ಲಿ, ಕಲ್ಲು ಬಿದ್ದ ಕೆರೆಯ ಅಲೆಗಳಂತೆ ಒಂದರ ಸುತ್ತ ಒಂದು ಬೆಟ್ಟಗಳ ಬಳೆ ಅವರ ಕಣ್ಣಿಗೆ ಬಿತ್ತು. ಅದೇ ಓರಿಯೆಂಟೇಲ್. ಹೊರಗಿನ ಬಳೆಯ ವ್ಯಾಸ ಸುಮಾರು 930 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೂ ಅಷ್ಟು ದೂರವಿಲ್ಲ. 1962ರಲ್ಲಿ ಹಾರ್ಟ್‌ಮನ್, ಕೈಪರ್ ಇಬ್ಬರೂ ಸೇರಿ ಅದರ ಬಗ್ಗೆ ಬರೆದರು. ಚಂದ್ರನ ಆ ಅಂಚನ್ನು ಅದಕ್ಕೆ ಮೊದಲು ಎಷ್ಟು ಜನ ನೋಡಿರಲಿಲ್ಲ! ಪಕ್ಕಕ್ಕೆ ನಡೆದು ನೋಡಿದವರು ಇವರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಗುಡ್ಡದ ಓರೆಯಲ್ಲಿದ್ದ ಜಮೀನಿನ ಅಳತೆ. ನೆಲದ ಇಳಿಜಾರಿನ ಗುಂಟವೇ ಚೈನು ಹಾಸಿಕೊಂಡು ಹೋಗಿದ್ದೆ. ವಿಸ್ತೀರ್ಣ ಹೆಚ್ಚು ಬಂತು. ನನ್ನ ಹಿರಿಯರು ಟಿಪ್ಪಣಿ ನೋಡಿದರು, ಒಂದು ಮಾತೂ ಬೈಯಲಿಲ್ಲ. ಮಾರನೆಯ ದಿನ ಅದೇ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಚೈನಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ, ಇನ್ನೊಂದನ್ನು ಎದೆಯೆತ್ತರಕ್ಕೆ ಎತ್ತಿ ಮಟ್ಟ ಹಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಅಳೆಸಿದರು. ಗುಡ್ಡ ಅದೇ, ಚೈನು ಅದೇ. ಹಿಡಿಯುವ ಬಗೆ ಬೇರೆ.

ಆ ತಂಡದಲ್ಲಿ ಇವೆನ್ ವಿಟೇಕರ್ ಎಂಬ ಇಂಗ್ಲೆಂಡಿನವರಿದ್ದರು. ಡಾಕ್ಟರೇಟ್ ಇರಲಿಲ್ಲ, ಚಂದ್ರನ ಒಂದೊಂದು ಕುಳಿಯೂ ಪರಿಚಯವಿತ್ತು. 1967ರ ಏಪ್ರಿಲಿನಲ್ಲಿ ಸರ್ವೇಯರ್ 3 ಎಂಬ ನೌಕೆ ಚಂದ್ರನ ಮೇಲೆ ಇಳಿಯಿತು. ಇಳಿದ ಕರಾರುವಾಕ್ಕಾದ ಜಾಗ ಯಾವುದು? ವಿಟೇಕರ್ ಒಂದು ಕಡೆ ನೌಕೆ ನಿಂತಲ್ಲಿಂದ ತೆಗೆದು ಕಳಿಸಿದ ಚಿತ್ರಗಳನ್ನು ಇಟ್ಟುಕೊಂಡರು, ಇನ್ನೊಂದು ಕಡೆ ಲೂನಾರ್ ಆರ್ಬಿಟರ್ ಮೇಲಿನಿಂದ ತೆಗೆದಿದ್ದ ಚಿತ್ರಗಳನ್ನು. ಇಲ್ಲಿನ ಕಲ್ಲು ಅಲ್ಲಿ ಎಲ್ಲಿದೆ, ಈ ಕುಳಿ ಯಾವ ಕುಳಿ ಎಂದು ಒಂದೊಂದನ್ನೇ ತಾಳೆ ನೋಡಿ ಜಾಗ ಗುರುತಿಸಿಬಿಟ್ಟರು. ಕಳೆದುಹೋದ ಗಡಿಯನ್ನು ನಾವು ಬಾಂದು ಕಲ್ಲು ಹಿಡಿದು ಪತ್ತೆ ಮಾಡುವ ರೀತಿಯೇ ಅದು ಪುಟ್ಟಿ! ಓದುತ್ತಾ ನನ್ನ ಕಣ್ಣು ತೇವವಾಯಿತು. 1969ರ ಜುಲೈಯಲ್ಲಿ ಅಪೊಲೊ 11 ಗೊತ್ತುಮಾಡಿದ ಜಾಗದಿಂದ ಕೆಲವು ಕಿಲೋಮೀಟರ್ ಆಚೆ ಇಳಿದಿತ್ತು. ನವೆಂಬರಿನಲ್ಲಿ ಅಪೊಲೊ 12 ವಿಟೇಕರ್ ತೋರಿಸಿದ ಜಾಗದ ಗುರುತು ಹಿಡಿದು ಹೋಗಿ ಸರ್ವೇಯರ್‌ನಿಂದ 200 ಮೀಟರಿನೊಳಗೇ ಇಳಿಯಿತು. ಕಾನ್ರಾಡ್, ಬೀನ್ ಇಬ್ಬರೂ ನಡೆದು ಹೋಗಿ ಅದರ ಕ್ಯಾಮೆರಾ ಕಿತ್ತು ಊರಿಗೆ ತಂದರು.

ಇನ್ನು ನೀನು ಹೇಳಿದೆಯಲ್ಲ, ಎಲ್ಲ ಮುಗಿದಿದೆ ಅಂತ. ಬೆನ್ನು ಎಂಬ ಕ್ಷುದ್ರಗ್ರಹದ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅಲ್ಲಿಂದ ಮಣ್ಣು ತರುವ ಯೋಜನೆಯ ಮುಂದಾಳು ನಿಮ್ಮಲ್ಲಿನ ಮೈಕಲ್ ಡ್ರೇಕ್. 2011ರ ಮೇ ತಿಂಗಳಲ್ಲಿ ನಾಸಾ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಕಿರಿಯರಾದ ಡಾಂಟೆ ಲೊರೆಟ್ಟಾ ಹೆಗಲು ಕೊಟ್ಟರು. 2016ರಲ್ಲಿ ಹೊರಟ ನೌಕೆ 2020ರ ಅಕ್ಟೋಬರಿನಲ್ಲಿ ಬೆನ್ನುವನ್ನು ಮುಟ್ಟಿ ಬಾಚಿದಾಗ, ಡಬ್ಬಿಯ ಮುಚ್ಚಳಕ್ಕೆ ಕಲ್ಲು ಸಿಕ್ಕಿಕೊಂಡು, ಸಂದಿಯಿಂದ ಚೂರುಗಳು ಹೊರಗೆ ತೇಲಿಹೋಗತೊಡಗಿದವು. ಎಷ್ಟು ಸಿಕ್ಕಿದೆಯೆಂದು ತೂಗಿ ನೋಡುವ ಆಸೆಯನ್ನೇ ಬಿಟ್ಟು, ಬೇಗ ಒಳಗಿಟ್ಟು ಭದ್ರ ಮಾಡಿದರು. 2023ರ ಸೆಪ್ಟೆಂಬರ್ 24ರಂದು ಅದು ಯೂಟಾ ಮರುಭೂಮಿಗೆ ಬಂದು ಬಿತ್ತು. ಸಿಕ್ಕಿದ್ದು 121.6 ಗ್ರಾಂ, ಹೆಚ್ಚುಕಡಿಮೆ ಅರ್ಧ ಪಾವು ಅಕ್ಕಿಯ ತೂಕ. ಅದರಲ್ಲೂ ನೂರಕ್ಕೆ 70 ಪಾಲಾದರೂ ಮುಂದಿನವರಿಗೆಂದು ಮುಟ್ಟದೆ ಎತ್ತಿಡುವುದೆಂದು ನಿಶ್ಚಯಿಸಿದರು. ನಮ್ಮಮ್ಮ ಬೀಜದ ಭತ್ತದ ಮೂಡೆಗೆ ಆಷಾಢದ ಹಸಿವಿನಲ್ಲೂ ಕೈ ಹಾಕಗೊಡುತ್ತಿರಲಿಲ್ಲ, ನಿಮ್ಮಪ್ಪನಿಗೆ ನೆನಪಿದ್ದೀತು, ಕೇಳು. ಅಷ್ಟು ಕಷ್ಟಪಟ್ಟು ತಂದ ಮಣ್ಣನ್ನು ಅವರು ಎತ್ತಿಡುವುದು ಯಾರಿಗೆಂದುಕೊಂಡೆ? ನಿನಗೆ, ನಿನ್ನ ವಿದ್ಯಾರ್ಥಿಗಳಿಗೆ.

ನೀನೂ ಮುಂದಿನವರಿಗೆಂದು, ದಿನವೂ ಮಾಡುವ ಅಳತೆಯನ್ನು ಅಂದಂದೇ ಬರೆದಿಡು. ಅನುಮಾನ ಬಂದದ್ದನ್ನೂ, ತಪ್ಪಿದ್ದನ್ನೂ ಬರೆ. ಅಳಿಸಬೇಡ, ಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆ. ನನಗಿಂತ ಬಹಳ ಹಿಂದಿನವರು ಬರೆದಿಟ್ಟ ಟಿಪ್ಪಣಿಗಳ ಮೇಲೆ ನಾನು ನೂರಾರು ತಕರಾರು ಬಗೆಹರಿಸಿದ್ದೇನೆ. ಅವರ ಮುಖ ನೋಡಿದವನಲ್ಲ, ಅಕ್ಷರದಿಂದಲೇ ಪರಿಚಯ.

ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮವರ ಹೈರೈಸ್ ಕ್ಯಾಮೆರಾ ಸುಮಾರು 300 ಕಿಲೋಮೀಟರ್ ಎತ್ತರದಿಂದ ಮಂಗಳನ ಚಿತ್ರ ತೆಗೆದರೆ, ಅದರ ಒಂದು ಚುಕ್ಕಿ ನೆಲದ ಮೇಲೆ 25 ಸೆಂಟಿಮೀಟರಿನಷ್ಟು ಎಂದು ಓದಿದೆ. ನಮ್ಮ ಚೈನು 33 ಅಡಿ, ಅಷ್ಟುದ್ದ ಅಷ್ಟಗಲದ ಚೌಕವೇ ಒಂದು ಗುಂಟೆ. ಲೆಕ್ಕ ಹಾಕಿದೆ: ಒಂದು ಗುಂಟೆ ಜಾಗಕ್ಕೆ 40 ಚುಕ್ಕಿ ಉದ್ದ, 40 ಚುಕ್ಕಿ ಅಗಲ. ನಿನಗೆ ಇಷ್ಟವಾದ ಒಂದು ಚಿತ್ರದಲ್ಲಿ ಆ ಒಂದು ಗುಂಟೆಗೆ ಗೆರೆ ಎಳೆದು, ಉತ್ತರ ದಿಕ್ಕು ಗುರುತು ಮಾಡಿ, ಕೆಳಗೆ ನಿನ್ನ ಸಹಿ ಹಾಕಿ ಕಳಿಸು. ಚೌಕಟ್ಟು ಹಾಕಿಸಲು ಬಡಗಿಗೆ ಈಗಲೇ ಹೇಳಿಟ್ಟಿದ್ದೇನೆ.

ನಿನ್ನ
ದೊಡ್ಡಪ್ಪ