ಬುಕಿಂಗ್‌ಗೆ ಮೊದಲು ಪಾರ್ಕಿಂಗ್ ನೋಡು

ಮಗಾ, ಮೊದಲ ಕಾರು ಎಲೆಕ್ಟ್ರಿಕ್ ತಗೊಳ್ಳಲೋ ಪೆಟ್ರೋಲ್ ತಗೊಳ್ಳಲೋ ಎಂದು ಕೇಳಿದ್ದೀಯ. ಗುಣಗಾನವನ್ನು ಶೋರೂಮಿನವರು ಹೇಗೂ ಮಾಡುತ್ತಾರೆ. ನಾನು ಎರಡರ ಕುಂದುಗಳನ್ನು ಹೇಳುತ್ತೇನೆ. ಯಾವುದನ್ನು ಹತ್ತು ವರ್ಷ ಸಹಿಸಬಲ್ಲೆ ಎಂದು ನೀನೇ ಲೆಕ್ಕ ಹಾಕು.

ಎಲೆಕ್ಟ್ರಿಕ್ ಕಾರಿನ ದೊಡ್ಡ ತೊಡಕು ಶುರುವಾಗುವುದೇ ಮನೆಯಲ್ಲಿ. ನಿನ್ನದು ಬಾಡಿಗೆ ಫ್ಲ್ಯಾಟು, ಕಾರು ನಿಲ್ಲುವುದು ಬೇಸ್‌ಮೆಂಟಿನಲ್ಲಿ. ಅಲ್ಲಿಯವರೆಗೆ ಪ್ರತ್ಯೇಕ ವೈರು ಎಳೆಸಬೇಕು, ಅರ್ಥಿಂಗ್ ಸರಿಯಿರಬೇಕು, ಮಾಲೀಕರೂ ಅಸೋಸಿಯೇಷನ್ನಿನವರೂ ಒಪ್ಪಬೇಕು. 15 ಆಂಪಿಯರ್ ಸಾಕೆಟ್ಟಿನಲ್ಲಿ ಗಂಟೆಗೆ ಸುಮಾರು ಮೂರು ಯೂನಿಟ್ ಏರುತ್ತದೆ. 30 ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಇಡೀ ರಾತ್ರಿ ಬೇಕು. ಮನೆಯಲ್ಲೇ ಪ್ಲಗ್ ಇದ್ದವನಿಗೆ ಇದೊಂದು ತೊಂದರೆಯೇ ಅಲ್ಲ, ಬೆಳಗ್ಗೆ ಏಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಲ್ಲದವನು ಹೊರಗಿನ ಫಾಸ್ಟ್ ಚಾರ್ಜರ್ ನಂಬಬೇಕು. ಅಲ್ಲಿ ಯೂನಿಟ್ಟಿಗೆ ಮನೆಗಿಂತ ಎರಡು ಮೂರು ಪಟ್ಟು ದುಡ್ಡು, ಮೇಲೆ ಸರದಿ ಕಾಯಬೇಕು. ಶೇ. 80 ತುಂಬಿದ ಮೇಲಂತೂ ಬ್ಯಾಟರಿಯ ಹಿತಕ್ಕಾಗಿ ಚಾರ್ಜಿಂಗ್ ನಿಧಾನವಾಗುತ್ತದೆ.

ಹಬ್ಬಕ್ಕೆ ಮಂಗಳೂರಿಗೆ ಹೊರಡುತ್ತೀಯಲ್ಲ, ಅದು 350 ಕಿಲೋಮೀಟರ್ ದಾರಿ. ಕಂಪನಿ ಹೇಳುವ ರೇಂಜು ಪರೀಕ್ಷೆಯಲ್ಲಿ ಬಂದದ್ದು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ, ಹೆದ್ದಾರಿಯ ವೇಗ ಸೇರಿದರೆ ಅಷ್ಟು ಸಿಗುವುದಿಲ್ಲ. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ಚಾರ್ಜು ವಾಪಸು ಬರುತ್ತದೆ, ನಿಜ. ಬೆಂಗಳೂರಿಗೆ ಮರಳುವಾಗ ಅದೇ ಘಾಟಿ ಅದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷದ ವಾರಂಟಿ ಇರುತ್ತದೆ. ಆಮೇಲೆ ಬದಲಿಸಬೇಕಾಗಿ ಬಂದರೆ ಖರ್ಚು ಲಕ್ಷಗಳಲ್ಲಿ.

ಹಾಗಂತ ಪೆಟ್ರೋಲಿಗೆ ಓಡಬೇಡ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರರ ಹೊತ್ತಿಗೆ ನಿಂತು ನೋಡು. ಕಾರು ಕದಲುವುದಿಲ್ಲ, ಎಂಜಿನ್ನು ಉರಿಯುತ್ತಲೇ ಇರುತ್ತದೆ. ಓಡುವಾಗಲೂ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಹೆಚ್ಚೆಂದರೆ ಕಾಲು ಭಾಗ, ಮಿಕ್ಕದ್ದು ಬಹುಪಾಲು ಬಿಸಿಯಾಗಿ ಹೋಗುತ್ತದೆ. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಅದರ ಜೊತೆಗೆ ಬರುವ ಹೊಗೆ ಕುಡಿಯುವವರು ಸಿಗ್ನಲ್ಲಿನ ಪೊಲೀಸರು, ಬಸ್ಸಿಗೆ ಕಾಯುವ ಮಕ್ಕಳು. ನನಗೆ ಸಂಕಟವಾಗುವುದು ಇಲ್ಲೇ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜೂ ತುಸು ಇಳಿಯುತ್ತದೆ. ಹಳೆಯ ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದರೆ ಅದು ಈ ಪೆಟ್ರೋಲಿಗೆ ಒಗ್ಗುತ್ತದೆಯೇ ಎಂದು ವಿಚಾರಿಸಲೇಬೇಕು. ಆಯಿಲ್, ಫಿಲ್ಟರ್, ಕ್ಲಚ್ಚಿನ ಖರ್ಚು ನಿನಗೇ ಗೊತ್ತು.

ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಪಾವಗಡದ ಸೋಲಾರ್, ಶರಾವತಿಯ ನೀರಿನ ಜೊತೆಗೆ ರಾಯಚೂರಿನ ಕಲ್ಲಿದ್ದಲೂ ನಿನ್ನ ಪ್ಲಗ್ಗಿಗೆ ಬರುತ್ತದೆ. ಬ್ಯಾಟರಿ ತಯಾರಿಸುವಾಗಲೇ ಸಾಕಷ್ಟು ಇಂಗಾಲ ಗಾಳಿಗೆ ಸೇರಿರುತ್ತದೆ. ದಿನಾ ಓಡಿಸಿದರೆ ಕೆಲವೇ ವರ್ಷಗಳಲ್ಲಿ ಆ ಸಾಲ ತೀರುತ್ತದೆ. ಭಾನುವಾರ ಮಾತ್ರ ಹೊರಗೆ ತೆಗೆಯುವ ಕಾರಿನಲ್ಲಿ ಬೇಗ ತೀರುವುದಿಲ್ಲ.

ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಊರೊಳಗಿನ ಓಡಾಟ, ರಾತ್ರಿ ಸ್ವಂತ ಪ್ಲಗ್ ಎರಡೂ ಇದ್ದರೆ ಕಣ್ಣು ಮುಚ್ಚಿ ಎಲೆಕ್ಟ್ರಿಕ್ ತಗೋ. ಪ್ಲಗ್ ಇಲ್ಲವೆಂದಾದರೆ ಸದ್ಯಕ್ಕೆ ಚಿಕ್ಕ ಪೆಟ್ರೋಲ್ ಕಾರು ಸಾಕು, ಆಫೀಸಿಗೆ ಮೆಟ್ರೊ ಹಿಡಿ. ಅಡ್ವಾನ್ಸ್ ಕಟ್ಟುವ ಮೊದಲು ಮಾಲೀಕರ, ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ತೆಗೆದುಕೋ.